ಹತ್ತು ತಂತಿಯ ಮೇಜು

ಮೊದಲು ಎಲ್ಲರೂ ಮೇಜು ಅಂದುಕೊಳ್ಳುತ್ತಾರೆ.
ಗೋಣಿಕೊಪ್ಪದ ಕಲ್ಯಾಣ ಮಂಟಪದಲ್ಲಿ
ಹುಡುಗಿಯ ಸೋದರತ್ತೆ ಅದರ ಮೇಲೆ
ಕಡಂಬುಟ್ಟಿನ ತಟ್ಟೆ ಇಟ್ಟರು.
ತಂತಿ ಗುಂಯ್ ಅಂದದ್ದಕ್ಕೆ ಬೆಚ್ಚಿ
ತಪ್ಪಾಯ್ತು ಅಂದರು,
ನನಗಲ್ಲ, ಅದಕ್ಕೆ.

ಇಸ್ತ್ರಿ ಹಲಗೆ, ಹಲ್ಲಿನ ಡಾಕ್ಟರ ಸಾಮಾನು,
ಕಾಫಿ ತೂಗುವ ಯಂತ್ರ, ಏನೇನೋ.
ನನ್ನಪ್ಪ, ವಿರಾಜಪೇಟೆಯ ಲೀನಸ್ ಟೈಲರ್,
ಬಗ್ಗಿ ಪೆಡಲುಗಳನ್ನು ಎಣಿಸಿದ:
‘ಮೂರು ಯಾಕೆ?
ನಮ್ಮ ಮಿಷನ್ನಿಗೆ ಒಂದೇ ಸಾಕು.’

ಪಾಲಿಬೆಟ್ಟದ ಬಂಗಲೆಯೊಂದರ ಹರಾಜಿನಲ್ಲಿ
ಮುರಿದ ಬಿಲಿಯರ್ಡ್ಸ್ ಕೋಲುಗಳ ಜೊತೆ ಸಿಕ್ಕಿದ್ದು.
ತುಕ್ಕು ತಿಂದ ಕಡ್ಡಿಗಳನ್ನೆಲ್ಲ ಬಿಚ್ಚಿ,
ಸೀಮೆಎಣ್ಣೆಯಲ್ಲಿ ಅದ್ದಿ, ಮತ್ತೆ ಕೂರಿಸಿದವನು
ಸಿದ್ದಾಪುರದ ಮೊಯ್ದು, ಪಲ್ಪರ್ ರಿಪೇರಿಯವನು.
ಒಂದು ತಿರುಪು ಇವತ್ತಿಗೂ ಪಲ್ಪರಿನದೇ.

ನಮ್ಮ ಬ್ಯಾಂಡಿನವರ ಜಗಳ ಬೇರೆ.
ಬೆನೆಡಿಕ್ಟನಿಗೆ ಕೆಂಪು ಮೆರುಗೆಣ್ಣೆ ಬೇಕು,
ಅದರಡಿ ಮರದ ಸುಳಿಗಳು ಹೊಳೆಯಬೇಕು,
ಹಾಗಿದ್ದರೆ ದನಿ ಬೆಚ್ಚಗಿರುತ್ತದಂತೆ.
ಪೂವಣ್ಣನಿಗೆ ಕಪ್ಪು ಮೈಕಾ,
ಗೀರು ಬೀಳದು, ದನಿಯೂ ಚೂಪು.
ಕಣ್ಣಿನ ಜಗಳವನ್ನು ಕಿವಿಯ ಹೆಸರಲ್ಲಿ
ಪೆರುಂಬಾಡಿಯಿಂದ ಮಾಕುಟ್ಟದವರೆಗೆ ಆಡಿದರು,
ವ್ಯಾನಿನಲ್ಲಿ, ತಿರುವು ತಿರುವಿಗೂ.
ಸಾಮಾನು ನನ್ನದು. ನನ್ನನ್ನು ಯಾರೂ ಕೇಳಲಿಲ್ಲ.

ಮ್ಯಾನೇಜರ್ ಮಂದಣ್ಣನ ಸಲಹೆ:
‘ಮುಂದೊಂದು ಬಟ್ಟೆ ಕಟ್ಟೋಣ, ಜರಿಯಂಚಿನದು.
ಈ ಕೈಕಾಲೆಲ್ಲ ಜನಕ್ಕೆ ಕಾಣಬಾರದು.’
ಕೈಕಾಲು ಅಂದದ್ದು ಅದರದೋ ನನ್ನದೋ.

ಯಾಕೆಂದರೆ ಇದನ್ನು ಮೊಣಕಾಲಿನಿಂದಲೂ ನುಡಿಸಬೇಕು.
ಎಡಕ್ಕೆ ಒತ್ತಿದರೆ ಒಂದು ಸ್ವರ ಇಳಿಯುತ್ತದೆ,
ಬಲಕ್ಕೆ ಒತ್ತಿದರೆ ಇನ್ನೊಂದು ಏರುತ್ತದೆ,
ಸೀರೆಯ ನೆರಿಗೆ ಸಿಕ್ಕಿಕೊಂಡರೆ
ಎರಡೂ ಅಲ್ಲದ ಮೂರನೆಯದೊಂದು ಕೂಗುತ್ತದೆ.
ಅದನ್ನು ಕಂಡ ಚೋಂದವ್ವಜ್ಜಿ
ಕೈಹಿಡಿದು ವಧುವಿನ ಕೋಣೆಗೆ ಕರೆದೊಯ್ದು
ಸೀರೆ ಬಿಚ್ಚಿಸಿ ತಮ್ಮ ಹಾಗೆ ಉಡಿಸಿದರು,
ನೆರಿಗೆ ಹಿಂದಕ್ಕೆ, ಸೆರಗು ಹೆಗಲಿಗೆ ಪಿನ್ನು.
‘ಹತ್ತುವ ಇಳಿಯುವ ಹೆಂಗಸರ ಉಡುಗೆ ಇದು.
ಈಗ ಒತ್ತು.’
ಆ ದಿನದಿಂದ ನನ್ನ ಮುಂಭಾಗ ನಯ,
ಗೋಜಲೆಲ್ಲ ಬೆನ್ನಿಗೆ.

ಕೊಂಬು ಊದುವ ಬೊಳ್ಳಣ್ಣ ಊಟಕ್ಕೆ ಹೋಗುತ್ತಾ ನಿಂತ.
ಹುಣಸೆಹಣ್ಣಿನಲ್ಲಿ ತಿಕ್ಕಿದ ಅವನ ಕೊಂಬು
ಹಗಲು ಹಚ್ಚಿದ ದೀಪದ ಹಾಗಿತ್ತು.
‘ನಾವು ಆಕಾಶ ನೋಡ್ತಾ ಊದ್ತೇವೆ,
ನೀನು ಅಕ್ಕಿ ಆರಿಸೋ ಹಾಗೆ ಕೂತಿದ್ದೀಯಲ್ಲ!’
ನಿಜ. ಜನರ ಮುಖ ನಾನು ನೋಡುವುದಿಲ್ಲ.
ಬಣ್ಣದಲ್ಲಿ ಬರೆದ ಗೆರೆಗಳ ಮೇಲೆ
ಉಕ್ಕಿನ ತುಂಡೊಂದು ಜಾರುವುದನ್ನೇ ಕಾಯುತ್ತೇನೆ.
ಗೆರೆ ತಪ್ಪಿದರೆ ಗೊತ್ತಾಗುವುದು ನನಗೆ,
ಮತ್ತು ಬೆನೆಡಿಕ್ಟನ ಹುಬ್ಬಿಗೆ.

ಅದನ್ನು ಸರಿಯಾಗಿ ನೋಡಿದ್ದು ಒಂದು ಮಗು.
ನಡುಹಾಡಿನಲ್ಲಿ ಕೆಳಗೆ ತೂರಿ, ಅಂಗಾತ ಮಲಗಿ,
ಕಡ್ಡಿಗಳು ಒಂದನ್ನೊಂದು ಎಳೆಯುವುದನ್ನು,
ಚಿಕ್ಕ ಚಿಕ್ಕ ಮೊಣಕೈಗಳು ಮಡಿಚಿ ಬಿಚ್ಚುವುದನ್ನು
ಬಾಯಿ ತೆರೆದು ನೋಡಿತು.
ಅಮ್ಮ ಕಾಲು ಹಿಡಿದು ಎಳೆದಾಗ
ಕಿರುಚಿತು, ಸಿನಿಮಾ ಅರ್ಧಕ್ಕೆ ನಿಲ್ಲಿಸಿದವರ ಹಾಗೆ.

ರಾತ್ರಿ ಹಾತೂರಿನ ಹತ್ತಿರ ಚುನಾವಣೆಯ ಚೆಕ್‌ಪೋಸ್ಟು.
ಕೋವಿಗಳೆಲ್ಲ ಠಾಣೆಗೆ ಒಪ್ಪಿಸಿದ್ದ ತಿಂಗಳು.
ಉದ್ದನೆಯ ಕರಿ ಪೆಟ್ಟಿಗೆ ಕಂಡು ಪೊಲೀಸಿನವನು
‘ಎಷ್ಟು ನಳಿಗೆ?’ ಅಂದ.
ಮುಚ್ಚಳ ತೆಗೆದೆ.
ಟಾರ್ಚು ಮೆಲ್ಲಗೆ ಹರಿಯಿತು,
ತಂತಿ, ಕೀಲಿ, ಕ್ರೋಮು, ಪಲ್ಪರಿನ ತಿರುಪು,
ಮತ್ತೆ ತಂತಿ.
ಇದು ಏನು ಅಂತ ಕೇಳಲಿಲ್ಲ.
ಪೆಟ್ಟಿಗೆಯ ಸುತ್ತ ಅರ್ಧ ಸುತ್ತಿ ನಿಂತ:
‘ಮೇಡಂ, ಇದನ್ನ ಯಾವ ಕಡೆಯಿಂದ ನೋಡಬೇಕು?’

ಹನ್ನೊಂದು ವರ್ಷದಿಂದ ನುಡಿಸುತ್ತಿದ್ದೇನೆ.
ನನ್ನ ಕಡೆಯಿಂದ ಕಾಣುವುದು ಮೇಲ್ಭಾಗ ಮಾತ್ರ.
ಹೇಳಲು ಬಾಯಿ ತೆರೆದೆ,
ಅಷ್ಟರಲ್ಲಿ ಹಿಂದೆ ಜೀಪಿನ ಹಾರ್ನು.