ಇನ್ನೂ ಏಳು ತಿಂಗಳು

ಐಸ್ ಪ್ಲಾಂಟಿನ ಹಿಂದೆ ನಿಂತು ಫೋನ್ ಮಾಡಿದೆ,
ಮನೆಯಲ್ಲಾದರೆ ಅತ್ತೆಗೆ ಕೇಳುತ್ತದೆ.
ಕನ್ನಡಕ್ಕೆ ಎರಡು, ಮತ್ತೆ ನಾಲ್ಕು, ಮತ್ತೆ ಒಂಬತ್ತು ಒತ್ತಿ
ಕೊನೆಗೊಂದು ಹುಡುಗಿಯ ದನಿ:
ಕರಾರು ಇನ್ನೂ ಏಳು ತಿಂಗಳಿದೆ ಮೇಡಂ,
ಯಾಕೆ ನಿಲ್ಲಿಸ್ತಿದ್ದೀರಿ?

ಮಲ್ಪೆಯಲ್ಲಿ ಬೋಟು ಕಟ್ಟಿ ನಲವತ್ತು ದಿವಸ,
ಉಮಾನಾಥರು ತಂದ ಮುಂಗಡ ಮುಗಿದದ್ದು,
ಸೊಸೈಟಿಯಲ್ಲಿಟ್ಟ ಬಳೆ, ಅದರ ಬಡ್ಡಿ,
ಮುಖ ಕಾಣದವಳಿಗೆ ಎಂತ ಹೇಳುವುದು?
ಮನೆ ಬದಲಿಸ್ತಾ ಇದ್ದೇವೆ ಅಂದೆ.

ಅವಳಿಗೆ ಖುಷಿಯೇ ಆಯಿತು:
ಹೊಸ ವಿಳಾಸ ಹೇಳಿ ಮೇಡಂ, ಶಿಫ್ಟಿಂಗ್ ಪೂರ್ತಿ ಉಚಿತ!

ಸ್ವಲ್ಪ ಹೊತ್ತು ಕಡಲು ನೋಡಿದೆ.
ಮತ್ತೆ, ದಂಡ ಎಷ್ಟು ಅಂತ ಕೇಳಿದೆ.
ಎರಡು ಸಾವಿರದ ನೂರು.
ಬಿಡುವುದಕ್ಕೂ ದುಡ್ಡು ಬೇಕು ಮಾರಾಯ್ರೆ.

ಶನಿವಾರ ಹುಡುಗ ಬಂದು ಪೆಟ್ಟಿಗೆ ಬಿಚ್ಚಿದ.
ರಿಮೋಟಿಗೆ ಅತ್ತೆ ಹೊಲಿದಿದ್ದ ಬಟ್ಟೆಯ ಚೀಲ
ಕಳಚಿ ನನ್ನ ಕೈಗೆ ಕೊಟ್ಟ.
ಅತ್ತೆ ಒಳಗೆ ಅಕ್ಕಿ ಆರಿಸುತ್ತಲೇ ಇದ್ದರು.

ಏಳೂವರೆಗೆ ಚಾಪೆ ಎಳೆದು ಎಂದಿನಂತೆ ಕೂತರು.
ಪಕ್ಕದ ಮನೆಯ ಗೋಡೆಯಾಚೆ
ಧಾರಾವಾಹಿಯ ಅಳು ಶುರುವಾಗಿತ್ತು.
ಕಪ್ಪು ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ
ಕರೆಂಟ್ ಹೋಯ್ತಲ್ಲ, ಅಂದರು.

ಹೌದತ್ತೆ, ಅಂದೆ.
ಇಬ್ಬರ ತಲೆಯ ಮೇಲೂ ಫ್ಯಾನ್ ತಿರುಗುತ್ತಿತ್ತು.