ಏಣಿ ಎತ್ತುವ ಮುನ್ನ

ಹಡಗು ಬಲ್ಲಾರ್ಡ್ ಪಿಯರಿಗೆ ಬಂದದ್ದು ಎಂಟಕ್ಕೆ,
ನಾಲ್ಕೂವರೆಗೆ ಏಣಿ ಎತ್ತುತ್ತಾರಂತೆ.
‘ಲೋಣಾವಳ ಘಾಟು ಹೋಗಿಬರಲು ಆರು ತಾಸು,
ಮೇಲೆ ಟ್ರಾಫಿಕ್ಕು ರಾಮನಿಚ್ಛೆ,’
ಟ್ಯಾಕ್ಸಿಯ ರಾಮಸೂರತ್ ಬೆರಳು ಮಡಚುತ್ತಾನೆ.

ಮೂವತ್ತೊಂದು ವರ್ಷ ಧಾರವಾಡದ ಕರಿಹಲಗೆಯ ಮೇಲೆ
ಸೀಮೆಸುಣ್ಣದಲ್ಲಿ ಲಾವಾ ಹರಿಸಿದವಳು ನಾನು.
ಬಿಳಿ ಲಾವಾ.
ಆ ಘಟ್ಟದ ಪದರುಗಳನ್ನು ಒಮ್ಮೆಯೂ ಮುಟ್ಟಿಲ್ಲ.

ಇವರಿಗೆ ಮಂಡಿನೋವು, ಹಡಗು ಬಿಟ್ಟುಹೋದೀತೆಂಬ ದಿಗಿಲು:
‘ಆರಿದ ಒಲೆ ನೋಡಲು ಇಷ್ಟು ಅವಸರವೇನೇ?
ಆರೂವರೆ ಕೋಟಿ ವರ್ಷ ಕಾದಿದೆ, ಇನ್ನೊಮ್ಮೆ ಬಂದರಾಯಿತು.’

ಕಾಯುತ್ತದೆ ಅದು.
ನನಗೆ ಅರವತ್ತೊಂಬತ್ತು.

ಚಪ್ಪಲಿ ಸರಿಪಡಿಸಲು ಬಗ್ಗಿದರೆ
ಫುಟ್‌ಪಾತಿನ ಅಂಚುಗಲ್ಲು: ಕಪ್ಪು,
ಮೈತುಂಬ ಗುಳ್ಳೆಯೊಡೆದ ಸಣ್ಣ ತೂತು.
ಅದೇ.
ಅಂಗೈ ಊರಿ ಅಲ್ಲೇ ಕೂತೆ.

‘ಮೀಟರು ಹಾಕಲೇ, ಮಾತಾಜಿ?’

ಕಲ್ಲು ಬಿಸಿಯಿತ್ತು.
ಬಿಸಿಲಿನದೇ, ಗೊತ್ತು.