ಎಡಮುರಿ ತಂತಿ

ಬೆಳಗ್ಗೆ ಬಾಯಿ, ಮಧ್ಯಾಹ್ನದ ಮೇಲೆ ಕಾರು.
ಪಾಯ್ಸಾಂದೂ ಊರಿಗೆ ಊರೇ ಉಂಡು ಅಡ್ಡಾದ ಹೊತ್ತು
ಹಿತ್ತಿಲ ತಗಡಿನ ಶೆಡ್ಡಿನಲ್ಲಿ ನಾನು, ಓಂದೀನಾ ಬೆಂತಾಂಕುರ್,
ಹಲ್ಲಿನ ಡಾಕ್ಟರು,
ಫಿಯಟ್ ಆರುನೂರರ ಹಿಂದೆ ಮೊಣಕಾಲೂರಿ
ಹಲ್ಲು ನೋಡುವ ಪುಟ್ಟ ಕನ್ನಡಿಯಲ್ಲೇ
ಎಂಜಿನ್ನಿನ ಮರೆಯ ನಟ್ಟು ಹುಡುಕುತ್ತೇನೆ.
ಈ ಕಾರಿಗೆ ಎಂಜಿನ್ನು ಬೆನ್ನಲ್ಲಿ.
ಗೊತ್ತಿಲ್ಲದವರು ಮುಂದಿನ ಮುಚ್ಚಳ ಎತ್ತಿ
ಸ್ಟೆಪ್ನಿ ಕಂಡು ಪೆಚ್ಚಾಗುತ್ತಾರೆ.

ಹರಾಜಿನಲ್ಲಿ ಕೊಂಡದ್ದು. ಕಾಗದದಲ್ಲಿ ಮೂವರು ಒಡೆಯರು,
ಮೂವರ ಸಹಿಯೂ ಇದೆ.
ರಿಪೇರಿ ಮಾಡಿದವನ ಹೆಸರು ಮಾತ್ರ ಎಲ್ಲೂ ಇಲ್ಲ.
ಅವನ ಸಹಿ ಒಳಗಿದೆ:
ತಂತಿ ಸುತ್ತಿದಲ್ಲೆಲ್ಲ ಎಡಕ್ಕೆ ಮುರಿದಿದೆ.
ಸೈಲೆನ್ಸರಿಗೆ ಎಡಮುರಿ, ನೀರಿನ ಪೈಪಿಗೆ ಎಡಮುರಿ.
ಬಿಚ್ಚಲು ಹೋದ ನನ್ನ ಬಲಗೈ
ಅಭ್ಯಾಸಬಲದಿಂದ ಇನ್ನಷ್ಟು ಬಿಗಿ ಮಾಡುತ್ತದೆ.

ಎಷ್ಟು ಬೈದೆನೋ.
ಎಲಾ ಎಡಚ, ಏನಯ್ಯಾ ಇದು?
ಚೋಕಿಗೆ ಸೈಕಲ್ಲಿನ ಬ್ರೇಕ್ ಕೇಬಲ್ಲು,
ಡಿಸ್ಟ್ರಿಬ್ಯೂಟರಿನ ಅಡಿಗೆ ಮಿಠಾಯಿ ಡಬ್ಬಿ ಕತ್ತರಿಸಿದ ವಾಶರು,
ಅದರ ಮೇಲೆ ಇನ್ನೂ ಒಂದೂವರೆ ಅಕ್ಷರ.
ಆಕ್ಸಿಲರೇಟರಿಗೆ, ಹೋಗಲಿ, ಆಕ್ಸಿಲರೇಟರಿಗೆ
ಸೊಳ್ಳೆಪರದೆ ಬಾಗಿಲಿನ ಸ್ಪ್ರಿಂಗು!

ಮೊಂತೆವಿದೇಯೋದಿಂದ ಬಸ್ಸಿನಲ್ಲಿ ಬಂತು
ಅಸಲಿ ಸ್ಪ್ರಿಂಗು, ಎಣ್ಣೆಕಾಗದ ಸುತ್ತಿಕೊಂಡು.
ಹಾಕಿದೆ. ಕಾರು ಕೆಮ್ಮಿತು.
ಸ್ಕ್ರೂ ಕಾಲು ಸುತ್ತು ತಿರುವಿದೆ, ಕಾಲು ಸುತ್ತು ಹಿಂದಕ್ಕೆ.
ನಿಂತಲ್ಲಿ ನಿಲ್ಲದೆ ಏರಿತು, ಇಳಿಯಿತು,
ಸುಳ್ಳು ಹೇಳುವವನ ಉಸಿರಿನ ಹಾಗೆ.
ಮೂರು ಭಾನುವಾರ ಹೋದವು. ಮಾತೆ ಆರಿ
ಸೊಪ್ಪು ನೀರಲ್ಲಿ ನೆನೆದು ಸಪ್ಪಗಾಯಿತು.

ನಾಲ್ಕನೆಯ ಭಾನುವಾರ ಕನ್ನಡಿ ಹಿಡಿದು ನೋಡಿದೆ:
ಕಾರ್ಬುರೇಟರಿನ ಕಡ್ಡಿ ಕೂತ ತೂತು ಸವೆದು ಮೊಟ್ಟೆಯಾಗಿದೆ.
ಹೊಸ ಸ್ಪ್ರಿಂಗಿಗೆ ಹುಮ್ಮಸ್ಸು, ಕಡ್ಡಿಯನ್ನು ವಾರೆಗೆ ಜಗ್ಗುತ್ತದೆ,
ಸಂದಿನಿಂದ ಗಾಳಿ ಕದಿಯುತ್ತದೆ.
ಸೊಳ್ಳೆಬಾಗಿಲಿನದು ಮೆತ್ತಗೆ ಎಳೆಯುತ್ತಿತ್ತು,
ಇದ್ದದ್ದು ಇದ್ದಂತೆಯೇ ಇರಲಿ ಎನ್ನುವಂತೆ.
ಅವನಿಗೆ ಗೊತ್ತಿತ್ತು.

ಕಸದ ಡಬ್ಬಿಯಲ್ಲಿ ಮೊಣಕೈವರೆಗೆ ಕೈಹಾಕಿ ಹುಡುಕಿದೆ.
ಸಿಕ್ಕಿತು. ಹಾಕಿದೆ. ಕಾರು
ಮಗ್ಗುಲು ಬದಲಿಸಿ ನಿದ್ದೆಹೋದ ಮಗುವಿನಂತೆ
ಗುರ್ರೆನ್ನುತ್ತ ನೆಲೆಯಾಯಿತು.

ಮಂಗಳವಾರ ಕುರ್ಚಿಯಲ್ಲಿ ದೋನ್ ಎಲಾದಿಯೋ,
ಎಂಬತ್ತೆರಡು ವರ್ಷ, ಕೆಳಗಿನ ದವಡೆ.
ಬಾಯಿ ಮುಕ್ಕಳಿಸಲು ಲೋಟ ಹಿಡಿದದ್ದು ಎಡಗೈಲಿ.
ಉಗಿದು, ಪಕ್ಕದ ಕೋಣೆಗೆ ಕಿವಿಗೊಟ್ಟು ಹೇಳಿದ:
"ಡಾಕ್ಟರೇ, ನಿಮ್ಮ ಕಂಪ್ರೆಸರಿನ ಬೆಲ್ಟು ಸಡಿಲ."
ನನ್ನ ಕೈ ನಿಂತೇಹೋಯಿತು.
ಫಿಯಟ್ ಆರುನೂರು, ಬೂದುಬಣ್ಣದ್ದು, ಎಡಬಾಗಿಲಲ್ಲಿ ತಗ್ಗು,
ಯಾವಾಗಲಾದರೂ ನೀವು...
ಮುದುಕ ನಕ್ಕ, ಇದ್ದ ಐದು ಹಲ್ಲೂ ಕಾಣುವಂತೆ.
"ನಾನು ಬೇಕರಿಯವ ತಾಯಿ.
ಹಿಟ್ಟು ನಾದುವ ಯಂತ್ರ ಬಿಟ್ಟರೆ ಏನನ್ನೂ ಮುಟ್ಟಿದವನಲ್ಲ."
ಆದರೆ ಬೆಲ್ಟು ಸಡಿಲವೇ ಇತ್ತು.

ಬೇರೆಯವರು ತುಂಬಿದ ಹಲ್ಲು ನನ್ನ ಮುಂದೆ ದಿನಾ ಬಾಯ್ತೆರೆಯುತ್ತದೆ.
ಯಾರ ಕೈ, ಅವಸರದ್ದೋ, ಸಂಕೋಚದ್ದೋ,
ಅಂದು ಕರೆಂಟು ಹೋಗಿತ್ತೋ, ಒಂದಿಷ್ಟು ಓದಬಲ್ಲೆ.
ನೋಯದೆ ಇದ್ದರೆ ಕೆರೆಯುವುದಿಲ್ಲ.
ಇಲ್ಲಿ ಕೆರೆದುಬಿಟ್ಟಿದ್ದೆ.

ಈಗ ಹೊಸ ತಂತಿ ಸುತ್ತುವಾಗ
ಅವನ ಎಡಮುರಿಯ ಪಕ್ಕಕ್ಕೇ ನನ್ನ ಬಲಮುರಿ.
ಮುಂದೆ ಬಿಚ್ಚುವವರು ಇಬ್ಬರನ್ನೂ ಬೈಯಲಿ.

ಇಂಡಿಕೇಟರು ಇನ್ನೂ ಸರಿಹೋಗಿಲ್ಲ.
ಗುಂಡಿ ಒತ್ತಿದರೆ ವೈಪರು ಓಡುತ್ತದೆ.
ಹೊಳೆದಂಡೆಯ ರಸ್ತೆಗೆ ತಿರುಗುವಾಗ
ಗಾಜು ಇಳಿಸಿ, ಗ್ರೀಸು ಮೆತ್ತಿದ ಎಡಗೈಯನ್ನು
ಹೊರಗೆ ಚಾಚುತ್ತೇನೆ.